ಮರಗಳಿಗೆ ಹೆಸರಿಟ್ಟ ಮಕ್ಕಳು

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ತಿರುವಿನಲ್ಲಿ ಗುಲಾಬಿ ಬಣ್ಣ ಹೊತ್ತು ನಿಂತಿದೆಯಲ್ಲ, ಆ ಮರದ ಕೆಳಗೆ ಎಷ್ಟು ಜನ ಮೊಬೈಲ್ ತೆಗೆದಿರಿ? ಸಂಕೋಚ ಬೇಡ, ನಾನೂ ತೆಗೆದೆ. ಹೆಸರು ಕೇಳಿದರೆ ಟಬೆಬುಯಾ ಅಂತೀರಿ. ಕನ್ನಡದಲ್ಲಿ? ನೋಡಿ, ಸಭೆಯೇ ಸುಮ್ಮನಾಯಿತು.

ಅದು ಮಧ್ಯ ಅಮೆರಿಕದ ಕಡೆಯದು. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದು. ಬೆಂಗಳೂರಿನ ವಸಂತದಲ್ಲಿ ಅರ್ಧಕ್ಕರ್ಧ ವಲಸಿಗರೇ. ಒಂದು ರಸ್ತೆಯ ಹೂ ಉದುರುವ ಹೊತ್ತಿಗೆ ಇನ್ನೊಂದು ರಸ್ತೆ ಅರಳಬೇಕು ಎಂದು ಲೆಕ್ಕ ಹಾಕಿದವರು ಕ್ರುಂಬಿಗಲ್. ಬರೋಡಾದಲ್ಲಿದ್ದ ಈ ಜರ್ಮನ್ ತೋಟಗಾರ 1908ರಲ್ಲಿ ಲಾಲ್‌ಬಾಗಿಗೆ ಬಂದು, 1932ರಲ್ಲಿ ನಿವೃತ್ತರಾಗಿ, 1956ರಲ್ಲಿ ಇದೇ ಊರಲ್ಲಿ ತೀರಿಕೊಂಡರು. ಹಾಗಂತ ಕಂಡ ಮರವನ್ನೆಲ್ಲ ಅವರ ಖಾತೆಗೆ ಬರೆಯುವ ನಮ್ಮ ಅಭ್ಯಾಸ ಸರಿಯಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಗಿಡ ನೆಡಲಾಯಿತು. ನಮ್ಮ ಬಡಾವಣೆಗಳ ನೆರಳಿನಲ್ಲಿ ಅವರ ಪಾಲು ದೊಡ್ಡದು.

ಟಬೆಬುಯಾ ಎಲೆ ಕಳಚಿ ಅರಳುವುದು ನಮ್ಮ ಫೋಟೋಕ್ಕಾಗಿ ಅಲ್ಲ. ಒಣಹವೆಯಲ್ಲಿ ಎಲೆ ಉದುರಿದರೆ ನೀರಿನ ಖರ್ಚು ಉಳಿಯಿತು. ಬೋಳು ಕೊಂಬೆಯ ಹೂ ಜೇನಿಗೆ ದೂರದಿಂದಲೇ ಕಾಣುತ್ತದೆ. ಆಮೇಲೆ ಕಾಯಿ ಒಡೆದು, ರೆಕ್ಕೆಬೀಜ ಗಾಳಿಗೆ ಹಾರುತ್ತದೆ.

ಹೆಸರಿನ ಮಾತಿಗೆ ಬರೋಣ. ಗುಲ್‌ಮೊಹರ್‌ಗೆ ಕತ್ತಿಕಾಯಿ ಮರ ಅಂತ ಹೆಸರಿದೆ. ಯಾವ ಪಂಡಿತರೂ ಇಟ್ಟದ್ದಿರಲಾರದು. ಮೊಳದುದ್ದದ ಒಣಕಾಯಿ ಹಿಡಿದು ಕತ್ತಿವರಸೆ ಆಡಿದ ಹುಡುಗರದ್ದೇ ಕೆಲಸ ಎಂದು ನನ್ನ ಗುಮಾನಿ. ಆಫ್ರಿಕಾದ ಟ್ಯೂಲಿಪ್ ಮರದ ಮೊಗ್ಗು ಹಿಂಡಿದರೆ ಪಿಚಕಾರಿಯ ಹಾಗೆ ನೀರು ಚಿಮ್ಮುತ್ತದೆ, ಹಾಗಾಗಿ ಅದು ನೀರುಕಾಯಿ ಮರ. ಆಟಕ್ಕೆ ಒದಗಿದ ಮರ ಕನ್ನಡದ್ದಾಯಿತು. ಟಬೆಬುಯಾ ಬರೀ ನೋಡುವುದಕ್ಕಾಯಿತು, ಹೆಸರಿಲ್ಲದೆ ಉಳಿಯಿತು.

ಇನ್ನು ನಮ್ಮದೇ ಹೊಂಗೆ. ಯುಗಾದಿಯ ಆಸುಪಾಸಿನಲ್ಲಿ ಅದರ ಚಿಗುರು ಎಷ್ಟು ಎಳಸೆಂದರೆ ಬಿಸಿಲು ಅದರೊಳಗಿಂದಲೇ ಇಳಿಯುತ್ತದೆ. ಹೂವೋ, ತಿಳಿನೇರಳೆ ಬೆರೆತ ಬಿಳಿ, ಕಣ್ಣಿಗೆ ಹೊಡೆಯುವಂಥದ್ದಲ್ಲ. ಮರದ ಮೇಲಿದ್ದಾಗ ಯಾರೂ ತಲೆಯೆತ್ತುವುದಿಲ್ಲ; ಅರಳು ಚೆಲ್ಲಿದ ಹಾಗೆ ಸ್ಕೂಟರ್ ಸೀಟಿನ ಮೇಲೆ ಬಿದ್ದಾಗ ಒರೆಸಿಕೊಂಡು ಗೊಣಗುತ್ತೇವೆ.

ನಮ್ಮ ಬೀದಿ ಗುಡಿಸುವ ಅಕ್ಕನನ್ನು ಮೊನ್ನೆ ಮಾತಾಡಿಸಿದೆ. "ಗುಡಿಸಿ ತಿರುಗೋದ್ರೊಳಗೆ ಮತ್ತೆ ಸುರ್ದಿರ್ತದೆ ಸಾರ್" ಅಂದರು. ಬೈಯುತ್ತಾರೇನೋ ಅಂದುಕೊಂಡೆ. ಗಾಡಿಯ ಪಕ್ಕದಲ್ಲೊಂದು ಗೋಣಿಚೀಲ, ಅದರ ತುಂಬ ಹೊಂಗೆಹೂವು. ಯಾಕೆಂದು ಕೇಳಿದೆ.

"ಊರಲ್ಲಿ ಗದ್ದೆಗೆ ಹಾಕ್ತಿದ್ವಿ, ಒಳ್ಳೇ ಗೊಬ್ಬರ. ಇಲ್ಲಿ ಗದ್ದೆ ಎಲ್ಲಿಂದ ತರ್ಲಿ? ಮನೆ ಮುಂದೆ ಎರಡು ಕುಂಡ ಇದಾವೆ, ಅದಕ್ಕೇ."