ವಿದ್ಯಾರ್ಥಿ ಎಂಬ ಪದದ ಬೆಲೆ

ಕೇಳುಗರಿಗೆ ನಮಸ್ಕಾರ.

1955ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಲೂಯಿಸ್ ಎಂಬ ಸಣ್ಣ ಕಾಲೇಜಿನ ಫುಟ್‌ಬಾಲ್ ಆಟಗಾರರೊಬ್ಬರು ಪಂದ್ಯದಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ತೀರಿಕೊಂಡರು. ಅಲ್ಲಿ ಫುಟ್‌ಬಾಲ್ ಎಂದರೆ ಶಿರಸ್ತ್ರಾಣ ತೊಟ್ಟು, ಚೆಂಡನ್ನು ಕೈಯಲ್ಲಿ ಹಿಡಿದು, ಮೈಗೆ ಮೈ ಡಿಕ್ಕಿ ಹೊಡೆದು ಆಡುವ ಆಟ. ಅವರ ಪತ್ನಿ ಕಾರ್ಮಿಕರಿಗೆ ಸಲ್ಲುವ ಅಪಘಾತ ಪರಿಹಾರವನ್ನು ಕೇಳಿದರು. ಕಾಲೇಜು ಫುಟ್‌ಬಾಲಿನ ವ್ಯಾಪಾರ ಮಾಡುತ್ತಿಲ್ಲ, ಆದ್ದರಿಂದ ಪರಿಹಾರ ಸಲ್ಲದು ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1957ರಲ್ಲಿ ತೀರ್ಪಿತ್ತಿತು.

ಅಮೆರಿಕದ ಕಾಲೇಜು ಕ್ರೀಡೆಯನ್ನು ಆಳುವ ಸಂಘ ಎನ್‌ಸಿಎಎ. ಇಂಥ ಮೊಕದ್ದಮೆಗಳ ಭಯ ಹುಟ್ಟಿದ ಆ ದಿನಗಳಲ್ಲಿಯೇ ಅದು ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಜೋಡುಪದವನ್ನು ರೂಪಿಸಿ ತನ್ನ ನಿಯಮಾವಳಿಯ ತುಂಬ ಸೇರಿಸಿತು. 1951ರಿಂದ 1988ರವರೆಗೆ ಸಂಘವನ್ನು ನಡೆಸಿದ ವಾಲ್ಟರ್ ಬಯರ್ಸ್ ಅವರೇ, ಆಟಗಾರರನ್ನು ಯಾರಾದರೂ ನೌಕರರೆಂದು ಕರೆದುಬಿಟ್ಟಾರೆಂಬ ಅಂಜಿಕೆಯಿಂದ ಈ ಪದ ಬಂದಿತೆಂದು ನಿವೃತ್ತಿಯ ನಂತರ ಬರೆದರು. ಹೀಗೆ ‘ವಿದ್ಯಾರ್ಥಿ’ ಎಂಬುದು ಗೌರವದ ಮಾತಾಗುವುದಕ್ಕಿಂತ ಮೊದಲು ವಕೀಲರ ಮಾತಾಯಿತು.

ಆದರೂ ಆ ಪದದ ಹಿಂದೆ ಒಂದು ಒಪ್ಪಂದವಿತ್ತು ಎಂದು ನಂಬೋಣ. ನೀನು ಆಡು, ನಾವು ಶುಲ್ಕ, ವಸತಿ, ಊಟ, ಪುಸ್ತಕ ಕೊಟ್ಟು ಓದಿಸುತ್ತೇವೆ ಎಂಬುದು ಆ ಒಪ್ಪಂದ. ಕೂಲಿಯ ಬದಲಿಗೆ ಶಿಕ್ಷಣ ಕೊಡುವುದಾದರೆ ನಾವು ಕೇಳಬೇಕಾದದ್ದು ಇಷ್ಟೇ: ಆ ಶಿಕ್ಷಣ ಅಪ್ಪಟವಾಗಿತ್ತೆ?

ನಿಯಮಗಳೇನೋ ಬಿಗಿಯಾಗಿಯೇ ಇವೆ. ಕ್ರೀಡೆಯಲ್ಲಿ ಮೊದಲ ದರ್ಜೆಯೆಂದು ಸಂಘ ಗುರುತಿಸಿದ ಕಾಲೇಜಿನಲ್ಲಿ ಆಡಬಯಸುವವರು ಪ್ರೌಢಶಾಲೆಯಲ್ಲಿ 16 ಮೂಲ ವಿಷಯಗಳನ್ನು ಓದಿ, 4ಕ್ಕೆ ಕನಿಷ್ಠ 2.3ರ ಸರಾಸರಿ ಪಡೆದಿರಬೇಕು. ಕಾಲೇಜು ಸೇರಿದ ಮೇಲೆ ಎರಡನೆಯ ವರ್ಷದ ಕೊನೆಗೆ ಪದವಿಯ ಶೇಕಡಾ 40ರಷ್ಟು, ಮೂರನೆಯ ವರ್ಷಕ್ಕೆ 60, ನಾಲ್ಕನೆಯದಕ್ಕೆ 80ರಷ್ಟು ಪಠ್ಯ ಮುಗಿದಿರಬೇಕು. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಎಂಜಿನಿಯರಿಂಗಿಗೆ ಸೇರಿ, ಒಂದೂವರೆ ವರ್ಷದ ನಂತರ ತನಗೆ ಒಲಿಯುವುದು ಇತಿಹಾಸ ಎಂದು ಅರಿತ ಹುಡುಗಿಗೆ ಮನಸ್ಸು ಬದಲಿಸುವ ಸ್ವಾತಂತ್ರ್ಯ ಅಲ್ಲಿಲ್ಲ. ಬದಲಿಸಿದರೆ ಲೆಕ್ಕ ತಪ್ಪಿ ಮೈದಾನದ ಹೊರಗೆ ಕೂರಬೇಕಾಗುತ್ತದೆ. ಓದನ್ನು ಕಾಯಬೇಕಾದ ನಿಯಮವೇ ಸುಲಭದ ವಿಷಯ ಹಿಡಿಯುವಂತೆ ಮಾಡುತ್ತದೆ.

ಸಮಯದ ಲೆಕ್ಕ ಇನ್ನೂ ವಿಚಿತ್ರ. ಪಂದ್ಯಗಳ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ತರಬೇತಿ ಕೂಡದು ಎಂಬ ಕಟ್ಟಳೆಯಿದೆ. ಆದರೆ ಪಂದ್ಯದ ದಿನ ಎಷ್ಟು ಹೊತ್ತು ಹಿಡಿದರೂ ಅದು 3 ಗಂಟೆಯೆಂದೇ ಲೆಕ್ಕ. ಪ್ರಯಾಣ ಲೆಕ್ಕಕ್ಕೇ ಇಲ್ಲ. ವಿಶ್ವವಿದ್ಯಾಲಯದ ತಂಡದೊಡನೆ ಹೊರರಾಜ್ಯಕ್ಕೆ ಹೋಗಿ ಬಂದು, ಹಾಜರಾತಿ ಕೊರತೆಗಾಗಿ ಪ್ರಾಂಶುಪಾಲರ ಕೊಠಡಿಯ ಮುಂದೆ ನಿಂತ ನಮ್ಮ ಮಕ್ಕಳಿಗೆ ಈ ಜಾಣ ಗಣಿತ ಬೇಗ ಅರ್ಥವಾದೀತು.

ಶಿಕ್ಷಣವೆಂಬ ಆ ಕೂಲಿಯೇ ಖೋಟಾ ಆದ ಪ್ರಕರಣ ಚಾಪೆಲ್ ಹಿಲ್‌ನಲ್ಲಿರುವ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ್ದು. 1993ರಿಂದ 2011ರವರೆಗೆ ಅಲ್ಲಿನ ಒಂದು ವಿಭಾಗದಲ್ಲಿ ಪಾಠವೇ ನಡೆಯದ ತರಗತಿಗಳಿದ್ದವು. ಒಂದು ಪ್ರಬಂಧ ಬರೆದು ಕೊಟ್ಟರೆ ಸಾಕು, ಅದಕ್ಕೆ ಅಂಕ ಹಾಕುತ್ತಿದ್ದವರು ಪ್ರಾಧ್ಯಾಪಕರಲ್ಲ, ಕಚೇರಿಯ ಸಿಬ್ಬಂದಿ. ಸುಮಾರು 3,100 ವಿದ್ಯಾರ್ಥಿಗಳು ಈ ತರಗತಿಗಳ ಮೂಲಕ ಹಾದುಹೋದರೆಂದೂ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕ್ರೀಡಾಪಟುಗಳೆಂದೂ 2014ರ ತನಿಖೆ ಹೇಳಿತು. ಎನ್‌ಸಿಎಎ 2017ರಲ್ಲಿ ಕೊಟ್ಟ ನಿರ್ಣಯ ಏನು ಗೊತ್ತೆ? ಆ ತರಗತಿಗಳು ಕ್ರೀಡಾಪಟುಗಳಲ್ಲದವರಿಗೂ ತೆರೆದಿದ್ದುದರಿಂದ ತನ್ನ ನಿಯಮ ಮುರಿದಿದೆ ಎನ್ನಲಾಗದು ಎಂದು! ಅಂಕ ಕಡಿಮೆಯಾದರೆ ಹುಡುಗನಿಗೆ ಆಟವಿಲ್ಲ. ಪಾಠವನ್ನೇ ಮಾಡದ ಸಂಸ್ಥೆಗೆ ಶಿಕ್ಷೆಯಿಲ್ಲ. ಹಣದ ಅನ್ಯಾಯಕ್ಕಿಂತ ಇದು ದೊಡ್ಡದೆಂದು ನನಗೆ ಅನಿಸುತ್ತದೆ.

ಹಣ ಸಣ್ಣದೆಂದಲ್ಲ. ಪುರುಷರ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ 14 ವರ್ಷಗಳ ದೂರದರ್ಶನ ಹಕ್ಕನ್ನು ಸಂಘ 2010ರಲ್ಲಿ 1,080 ಕೋಟಿ ಡಾಲರಿಗೆ ಮಾರಿತು. ತಮ್ಮನ್ನೇ ಹೋಲುವ ಗೊಂಬೆಯೊಂದು ವಿಡಿಯೊ ಆಟದಲ್ಲಿ ಓಡಾಡುವುದನ್ನು ಕಂಡ ಮಾಜಿ ಆಟಗಾರ ಎಡ್ ಒಬ್ಯಾನನ್ 2009ರಲ್ಲಿ ನ್ಯಾಯಾಲಯಕ್ಕೆ ಹೋದರು. 2021ರ ಜೂನ್‌ನಲ್ಲಿ, ಆಲ್ಸ್ಟನ್ ಎಂಬ ಮಾಜಿ ಆಟಗಾರನ ಹೆಸರಿನ ಪ್ರಕರಣದಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಸಂಘ ಮಿತಿ ಹೇರುವಂತಿಲ್ಲ ಎಂದರು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳಿಂದ ಜಾಹೀರಾತಿನ ಹಣ ಗಳಿಸಬಹುದಾಯಿತು. ಹೌಸ್ ಎಂಬ ಈಜುಗಾರನ ಹೆಸರಿನ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಸಲ್ಲಬೇಕು, ಕಾಲೇಜುಗಳು ವರ್ಷಕ್ಕೆ ಸುಮಾರು 2 ಕೋಟಿ ಡಾಲರಿನವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದು. ಬಾಕಿಯ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೇ ಹೋಗುವುದನ್ನು ಕಂಡು, ಶಿಕ್ಷಣದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಕಾನೂನನ್ನು ಮುಂದಿಟ್ಟು ಕೆಲವು ಕ್ರೀಡಾಪಟು ಹೆಣ್ಣುಮಕ್ಕಳು ಮೇಲ್ಮನವಿ ಸಲ್ಲಿಸಿದರು.

ನಮ್ಮವರಿಗೂ ಇದರಲ್ಲಿ ಪಾಲಿದೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದ ಪರವಾಗಿ 2007 ಮತ್ತು 2008ರಲ್ಲಿ ಅಲ್ಲಿನ ಕಾಲೇಜು ಟೆನಿಸ್ ಸಿಂಗಲ್ಸ್ ಪ್ರಶಸ್ತಿ ಗೆದ್ದವರು. ಇಂದು ಅದೇ ದಾರಿಯಲ್ಲಿ ಹೋಗುವವರಿಗೆ ಎಫ್-1 ವಿದ್ಯಾರ್ಥಿ ವೀಸಾ ಅಡ್ಡ ಬರುತ್ತದೆ. ಆ ವೀಸಾದಲ್ಲಿ ದುಡಿಮೆಗೆ ಬಿಗಿಯಾದ ಮಿತಿ ಇರುವುದರಿಂದ, ಜೊತೆಯಾಟಗಾರ ಸಹಿ ಹಾಕುವ ಜಾಹೀರಾತಿನ ಕರಾರಿಗೆ ಇವರು ಕೈಯಿಡಲು ಅಂಜುತ್ತಾರೆ.

ಇಷ್ಟೆಲ್ಲ ಆದರೂ ಆಟಗಾರ ನೌಕರನೇ ಎಂಬ ಹಳೆಯ ಪ್ರಶ್ನೆ ಇತ್ಯರ್ಥವಾಗಿಲ್ಲ. ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡದ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗರು 2024ರ ಮಾರ್ಚ್‌ನಲ್ಲಿ 13ಕ್ಕೆ 2 ಮತಗಳಿಂದ ಕಾರ್ಮಿಕ ಸಂಘ ಕಟ್ಟಲು ತೀರ್ಮಾನಿಸಿದರು. ಕಾಲೇಜು ಅವರೊಡನೆ ಮಾತುಕತೆಗೆ ಕೂರಲಿಲ್ಲ. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಕಾರ್ಮಿಕ ಸಂಘದ ಮಾನ್ಯತೆಗಾಗಿ ಅವರ ಪರವಾಗಿ ಸಲ್ಲಿಸಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆಯಲಾಯಿತು.

ನಮಸ್ಕಾರ.