ಬಾಗಿಲಲ್ಲೇ ತಡೆದರೆ ಕೇಳಬೇಕಾದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಇವತ್ತಿನ ವಿಷಯ ಕೇಳಿ ಕೆಲವರು ರೇಡಿಯೋ ಆಫ್ ಮಾಡಲು ಎದ್ದಿರಬಹುದು. ಬಾರು, ಪಬ್ಬು, ನೈಟ್ ಕ್ಲಬ್ಬು, ಇದೆಲ್ಲ ನಮಗ್ಯಾಕೆ ಅಂತ. ಸ್ವಲ್ಪ ಕೂತುಕೊಳ್ಳಿ. ಕುಡಿಯಿರಿ ಅಂತ ಹೇಳಲು ನಾನು ಬಂದಿಲ್ಲ. ಕುಡಿಯಬೇಡಿ ಅಂತ ಹೇಳಲೂ ಬಂದಿಲ್ಲ, ಅದಕ್ಕೆ ಬೇರೆ ದಿನ ಡಾಕ್ಟರು ಬರುತ್ತಾರೆ. ನನ್ನ ವಿಷಯ ಬಾಗಿಲು. ಬಂದವರನ್ನು ಆ ಬಾಗಿಲಿಂದ ಯಾಕೆ ವಾಪಸ್ ಕಳಿಸುತ್ತಾರೆ ಅನ್ನುವುದು.

ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಕುಂಬಳೆ, ಮಂಜೇಶ್ವರ ಈ ಕಡೆಯಲ್ಲಿ ಮಗನೋ ಮಗಳೋ ಬೆಂಗಳೂರಿನಲ್ಲಿ ಇಲ್ಲದ ಮನೆ ಎಷ್ಟಿದೆ ಹೇಳಿ? ಶನಿವಾರ ರಾತ್ರಿ ಅವರು ಎಲ್ಲಿಗೆ ಹೋಗುತ್ತಾರೆ ಅಂತ ನೀವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಸರಿ. ಆದರೆ ನಾಳೆ ನೀವೇ ಅವರನ್ನು ಹುಡುಕಿಕೊಂಡು ಹೋಗಿ ಬಾಗಿಲಲ್ಲಿ ನಿಂತರೆ? ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಇದನ್ನು ಕೇಳುತ್ತಿರುವವರಿಗೇ ನಾನು ಮುಖ್ಯವಾಗಿ ಹೇಳುತ್ತಿರುವುದು.

ನಾನು ಹೋಟೆಲಿನವನು. ಮೀಸೆ ಬರುವ ಮೊದಲೇ ಮುಂಬಯಿಗೆ ಹೋಗಿ, ನಮ್ಮ ಕಡೆಯವರದೇ ಒಂದು ಬಾರಿನಲ್ಲಿ ಟೇಬಲ್ ಒರೆಸಿದವನು. ಆಮೇಲೆ ವೇಟರು, ಕ್ಯಾಪ್ಟನ್ನು, ಮ್ಯಾನೇಜರು. ಬೆಂಗಳೂರಿನಲ್ಲೂ ದುಡಿದೆ. ಈಗ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಯುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಇಷ್ಟು ವರ್ಷ ಬಾಗಿಲಿನ ಒಳಗಡೆ ನಿಂತು ನೋಡಿದವನಾಗಿ ಹೇಳುತ್ತೇನೆ, ಬರೆದುಕೊಳ್ಳಿ: ನಿಮ್ಮನ್ನು ಬಾಗಿಲಲ್ಲಿ ತಡೆದರೆ ಜಗಳ ಬೇಡ, ಬೇಡಿಕೊಳ್ಳುವುದೂ ಬೇಡ. "ಇದು ಎಲ್ಲಿ ಬರೆದಿದೆ, ತೋರಿಸಿ" ಅಂತ ಕೇಳಿ. ಅಷ್ಟೇ.

ಯಾಕೆ ಅಂತೀರಾ? ಬರೆದಿರುವ ನಿಯಮವನ್ನು ಬಾಗಿಲಲ್ಲಿ ಯಾರೂ ನೋಡುವುದಿಲ್ಲ. ಬಾಗಿಲಲ್ಲಿ ನೋಡುವ ನಿಯಮವನ್ನು ಎಲ್ಲೂ ಬರೆದಿರುವುದಿಲ್ಲ.

ಮುಂಬಯಿಯನ್ನೇ ತೆಗೆದುಕೊಳ್ಳಿ. ಅಲ್ಲಿ 1949ರ ಪಾನನಿಷೇಧ ಕಾನೂನು ಇನ್ನೂ ಜೀವಂತ ಇದೆ. ಆ ಕಾನೂನಿನ ಪ್ರಕಾರ ಕುಡಿಯುವ ಪ್ರತಿಯೊಬ್ಬರ ಹತ್ತಿರವೂ ಪರ್ಮಿಟ್ ಇರಬೇಕು. ಒಂದು ದಿನದ ಪರ್ಮಿಟ್ಟಿಗೆ 5 ರೂಪಾಯಿ, ಜೀವಮಾನದ್ದಕ್ಕೆ 1000 ರೂಪಾಯಿ. ಎಷ್ಟೋ ಬಾರುಗಳ ಬೋರ್ಡಿನಲ್ಲೇ 'ಪರ್ಮಿಟ್ ರೂಮ್' ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಪರ್ಮಿಟ್ ಎಲ್ಲಿ ಅಂತ ಬಾಗಿಲಲ್ಲಿ ಕೇಳಿ ಗಿರಾಕಿಯನ್ನು ವಾಪಸ್ ಕಳಿಸಿದ್ದನ್ನು ನಾನಂತೂ ನೋಡಿಲ್ಲ. ಚಪ್ಪಲಿ ನೋಡಿ ಕಳಿಸಿದ್ದನ್ನು ನೋಡಿದ್ದೇನೆ. ಗಡ್ಡ ನೋಡಿ ಕಳಿಸಿದ್ದನ್ನೂ ನೋಡಿದ್ದೇನೆ. ಒಬ್ಬ ಹುಡುಗನ ಕೈಯಲ್ಲಿ ಹೆಲ್ಮೆಟ್ ಇದೆ ಅಂತ ಬಿಡಲಿಲ್ಲ. ಕಾರಿನಲ್ಲಿ ಬಂದವನಾದರೆ ಜಾಸ್ತಿ ಖರ್ಚು ಮಾಡುತ್ತಾನೆ ಅನ್ನುವ ಲೆಕ್ಕಾಚಾರ!

ಬಾಗಿಲಲ್ಲಿ ಕಪ್ಪು ಟೀಶರ್ಟ್ ಹಾಕಿ ನಿಂತಿರುತ್ತಾನಲ್ಲ, ಆ ಬೌನ್ಸರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಸಂಜೆ ಬಾಗಿಲು ತೆರೆಯುವ ಮೊದಲು ಮ್ಯಾನೇಜರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳುತ್ತಾನೆ: ಇವತ್ತು ಗಂಡಸರ ಗುಂಪು ಬೇಡ, ಇವತ್ತು ವಯಸ್ಸಾದವರು ಬೇಡ, ಇವತ್ತು ಹೊರಗೆ ಸ್ವಲ್ಪ ಕ್ಯೂ ಕಾಣಲಿ. ಹೌದು, ಒಳಗೆ ಅರ್ಧ ಟೇಬಲ್ ಖಾಲಿ ಇದ್ದರೂ ಹೊರಗೆ ಕ್ಯೂ ನಿಲ್ಲಿಸುತ್ತಾರೆ. ರಸ್ತೆಯಲ್ಲಿ ಹೋಗುವವರಿಗೆ ಇದೇನೋ ಭಾರಿ ಜಾಗ ಅನಿಸಬೇಕಲ್ಲ. ಬೌನ್ಸರ್ ಕೈಯಲ್ಲಿ ಒತ್ತಿದರೆ ಟಕ್ ಅನ್ನುವ ಸಣ್ಣ ಯಂತ್ರ ಇರುತ್ತದೆ, ಒಳಗೆ ಹೋದವರನ್ನು ಎಣಿಸಲು. ಅವನ ಕಣ್ಣು ಮೊದಲು ನಿಮ್ಮ ಕಾಲಿಗೆ ಹೋಗುತ್ತದೆ, ಆಮೇಲೆ ನಿಮ್ಮ ಜೊತೆ ಯಾರಿದ್ದಾರೆ ಅಂತ, ಕೊನೆಗೆ ಮುಖಕ್ಕೆ. ಬೇಡ ಅಂತ ತೀರ್ಮಾನ ಆದ ಮೇಲೆಯೇ ಅವನು ಕಾರಣ ಹುಡುಕುವುದು.

ಇದನ್ನು ನನಗೆ ಚೆನ್ನಾಗಿ ತೋರಿಸಿಕೊಟ್ಟವರು ನನ್ನ ಸೋದರಮಾವ. ಪೆರ್ಲದ ಹತ್ತಿರ ಅವರ ತೋಟ. ಹೊಗೆಸೊಪ್ಪು ಬಿಟ್ಟರೆ ಬೇರೆ ಚಟ ಇಲ್ಲ, ಬಾರಿನ ಮುಖ ನೋಡಿದವರಲ್ಲ. ಒಂದು ಶುಕ್ರವಾರ ಅವರೂ ಅತ್ತೆಯೂ ಪುತ್ತೂರಿನಿಂದ ಹಗಲು ಬಸ್ಸು ಹತ್ತಿ ಬೆಂಗಳೂರಿಗೆ ಬಂದರು, ಮಗನ ಮನೆಗೆ. ನೋಡಿದರೆ ಮನೆಗೆ ಬೀಗ. ಮಗರಾಯ ಬರುವ ದಿನವನ್ನೇ ತಪ್ಪು ತಿಳಿದು ಆಫೀಸಿನವರ ಪಾರ್ಟಿಗೆ ಹೋಗಿದ್ದಾನೆ. ಯಾವ ಪಬ್ಬು ಅಂತ ಪಕ್ಕದ ಮನೆಯವರಿಗೆ ಗೊತ್ತಿತ್ತು. ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ. ಆ ಸದ್ದಿನಲ್ಲಿ ಹೇಗೆ ಕೇಳಬೇಕು? ಮಾವ ನನಗೆ ಫೋನ್ ಮಾಡಿದರು. ನಾನು ಕಾರು ತೆಗೆದುಕೊಂಡು ಹೋದೆ. ಮಾವನಿಗೆ ಬೇಕಾಗಿದ್ದದ್ದು ಬೀಗದ ಕೈ. ಬೇರೇನೂ ಇಲ್ಲ.

ಮಾವ ಬಿಳಿ ಪಂಚೆ ಉಟ್ಟು, ಹೆಗಲಿಗೆ ಬೈರಾಸು ಹಾಕಿಕೊಂಡು ಬಾಗಿಲಿಗೆ ಹೋದರು. ಬೌನ್ಸರ್ ಮರ್ಯಾದೆಯಿಂದಲೇ ಹೇಳಿದ: "ಅಂಕಲ್, ಪಂಚೆ ಅಲೋ ಮಾಡಲ್ಲ."

"ಅಲ್ಲ ಮಾರಾಯ, ಹಾಗಾದರೆ ಇಲ್ಲೇ ಬಿಚ್ಚಿಟ್ಟು ಹೋಗುವುದಾ?" ಅಂತ ಮಾವ.

ನನ್ನ ಕಾರಿನಲ್ಲಿ ಇಸ್ತ್ರಿಗೆ ಕೊಟ್ಟು ತಂದಿದ್ದ ಪ್ಯಾಂಟ್ ಇತ್ತು. ಮಾವ ಕಾರಿನ ಮರೆಯಲ್ಲಿ ನಿಂತು ಅದನ್ನು ಏರಿಸಿಕೊಂಡರು. ಸೊಂಟಕ್ಕೆ ನಿಲ್ಲಲಿಲ್ಲ. ಬೈರಾಸನ್ನೇ ಬೆಲ್ಟ್ ಹಾಗೆ ಬಿಗಿದು, ಮೇಲಿಂದ ಅಂಗಿ ಇಳಿಬಿಟ್ಟರು. ಮತ್ತೆ ಬಾಗಿಲಿಗೆ. ಈಗ ಅವನ ಕಣ್ಣು ಕಾಲಿಗೆ. "ಚಪ್ಪಲಿ ಆಗಲ್ಲ ಅಂಕಲ್, ಶೂ ಬೇಕು." ನನ್ನ ಶೂ ಬಿಚ್ಚಿಕೊಟ್ಟೆ. ಮಾವನ ಕಾಲು ಸಣ್ಣದು, ಶೂ ಟಪಟಪ ಅನ್ನುತ್ತಿತ್ತು. ನಾನು ಅವರ ಸವೆದ ಹವಾಯಿ ಚಪ್ಪಲಿಯಲ್ಲಿ ನಿಂತೆ. ಮೂರನೇ ಸಲ: "ಸ್ಟ್ಯಾಗ್ ಎಂಟ್ರಿ ಇಲ್ಲ." ಒಂಟಿ ಗಂಡಸರನ್ನು ಬಿಡುವುದಿಲ್ಲ ಅಂತ ನಾನು ಬಿಡಿಸಿ ಹೇಳಿದೆ. ಮಾವನಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ. "ಒಂಟಿ ಯಾರು? ಮಗನಿಗೆ ಮದುವೆ ವಯಸ್ಸಾಯಿತು!" ಅಂತ ಹೇಳಿ, ಕಾರಿನ ಕಡೆ ತಿರುಗಿ, "ಏ ಇವಳೇ, ಸ್ವಲ್ಪ ಬಾ ಇಲ್ಲಿ" ಅಂತ ಕರೆದರು.

ಅತ್ತೆ ಬಂದರು. ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿ ಇದ್ದ ಚೀಲ. ಮಗನಿಗೆ ಅಂತ ತಂದದ್ದು, ಕಾರಿನಲ್ಲಿ ಬಿಟ್ಟರೆ ಯಾರಾದರೂ ಕದ್ದಾರು ಅಂತ ಹಿಡಿದುಕೊಂಡೇ ಬಂದಿದ್ದರು. ಬೌನ್ಸರ್ ಚೀಲ ನೋಡಿದ: "ಹೊರಗಿನ ತಿಂಡಿ ಒಳಗೆ ತರುವ ಹಾಗಿಲ್ಲ." ಗಮನಿಸಿ, ಅಲ್ಲಿಯವರೆಗೆ ಅವನು ಹೇಳಿದ್ದರಲ್ಲಿ ಗೋಡೆಯ ಬೋರ್ಡಿನಲ್ಲಿ ಬರೆದಿದ್ದದ್ದು ಇದೊಂದೇ. ನಾವು ತಕ್ಷಣ ಒಪ್ಪಿದೆವು. ಚೀಲ ಕಾರಿಗೆ ಹೋಯಿತು. ಈಗ ಪ್ಯಾಂಟ್ ಇದೆ, ಶೂ ಇದೆ, ಜೊತೆಗೆ ಹೆಂಡತಿ ಇದ್ದಾರೆ, ತಿಂಡಿ ಇಲ್ಲ. ಅವನು ಒಂದು ಕ್ಷಣ ಸುಮ್ಮನಿದ್ದ. ಆಮೇಲೆ, "ಸಾರ್, ಇವತ್ತು ಪ್ರೈವೇಟ್ ಪಾರ್ಟಿ. ಲಿಸ್ಟಲ್ಲಿ ಹೆಸರಿಲ್ಲ."

ಅವನು ಇದನ್ನು ಹೇಳುತ್ತಿರುವಾಗಲೇ ನಾಲ್ಕೈದು ಹುಡುಗ ಹುಡುಗಿಯರು ನಗುತ್ತಾ ಅವನ ಪಕ್ಕದಿಂದ ಒಳಗೆ ಹೋದರು. ಲಿಸ್ಟೂ ಇಲ್ಲ, ಪಿಸ್ಟೂ ಇಲ್ಲ. ಟಕ್, ಟಕ್, ಟಕ್ ಅಂತ ಎಣಿಸಿದ.

ಮಾವ ಕೇಳಿದರು: "ಇದನ್ನು ಮೊದಲೇ ಹೇಳಿದ್ದರೆ ನನ್ನ ಪಂಚೆಯಾದರೂ ಉಳಿಯುತ್ತಿತ್ತಲ್ಲ?"

ಆಗ ನಾನು ಮ್ಯಾನೇಜರನ್ನು ಕರೆಸಿ, ಇದೆಲ್ಲ ಎಲ್ಲಿ ಬರೆದಿದೆ ತೋರಿಸಿ ಅಂದೆ. ಅವನು "ಮ್ಯಾನೇಜ್‌ಮೆಂಟ್ ಪಾಲಿಸಿ" ಅಂದ. ಕಾಗದ ಇಲ್ಲ. ಬೋರ್ಡೂ ಇಲ್ಲ. 'ಪ್ರವೇಶದ ಹಕ್ಕು ಕಾಯ್ದಿರಿಸಿದೆ' ಅನ್ನುವ ಒಂದು ಸಾಲು ತೋರಿಸಿದ. ನಾನೂ ಅದೇ ಕಸುಬಿನವನು ಅಂತ ಗೊತ್ತಾದಾಗ ಸ್ವಲ್ಪ ಮೆತ್ತಗಾದ. ಅಷ್ಟರಲ್ಲಿ ಅತ್ತೆ ಕಾಣಿಸುತ್ತಿಲ್ಲ! ಅವರು ಕಟ್ಟಡದ ಹಿಂದೆ ಹೋಗಿ, ಅಡಿಗೆಕೋಣೆಯ ಬಾಗಿಲಲ್ಲಿ ನೀರುಳ್ಳಿ ಸುಲಿಯುತ್ತಿದ್ದ ಹುಡುಗನ ಜೊತೆ ತುಳುವಿನಲ್ಲಿ ಮಾತಿಗೆ ಕೂತಿದ್ದರು. ಹುಡುಗ ಉಪ್ಪಳದವನು. ಅವನು ಒಳಗೆ ಹೋಗಿ ಮಗನನ್ನು ಕರೆದುಕೊಂಡೇ ಬಂದ. ಹಿಂದಿನ ಬಾಗಿಲಲ್ಲಿ ಪ್ಯಾಂಟು, ಶೂ, ಲಿಸ್ಟು ಯಾವುದೂ ಬೇಕಾಗಲಿಲ್ಲ.

ಈಗ ಹೇಳಿ, ಕಾರಣ ಪಂಚೆಯಾ? ಪಂಚೆ ಹೋದ ಮೇಲೂ ಬಿಡಲಿಲ್ಲವಲ್ಲ. ನೀವು ಒಂದು ಕಾರಣವನ್ನು ಸರಿ ಮಾಡಿದ ಕೂಡಲೇ ಇನ್ನೊಂದು ಬಂತು ಅಂದರೆ, ಮೊದಲನೆಯದು ಕಾರಣವೇ ಅಲ್ಲ. ಅದಕ್ಕೇ ಮೊದಲ ಕಾರಣಕ್ಕೇ ಕೇಳಿ: ಎಲ್ಲಿ ಬರೆದಿದೆ, ತೋರಿಸಿ.

ಗಾಜಿನ ಆಚೆಯಿಂದ ನನಗೆ ಗಡಿಯಾರ ತೋರಿಸುತ್ತಿದ್ದಾರೆ. ಮಾವನ ಕಥೆ ಎಲ್ಲ ಸಮಯ ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಇದು ನಮ್ಮ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ ಸ್ಟುಡಿಯೋ 54 ಅನ್ನುವ ಕ್ಲಬ್ ಇತ್ತು. ಅದರ ಯಜಮಾನ ಸ್ಟೀವ್ ರುಬೆಲ್ ತಾನೇ ಬಾಗಿಲಲ್ಲಿ ನಿಂತು, ನೀನು ಬಾ, ನೀನು ಬೇಡ ಅಂತ ಬೆರಳು ತೋರಿಸಿ ಆರಿಸುತ್ತಿದ್ದ. 1977ರ ಡಿಸೆಂಬರ್ 31ರ ರಾತ್ರಿ ನೈಲ್ ರಾಡ್ಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಅನ್ನುವ ಇಬ್ಬರು ಸಂಗೀತಗಾರರು, ಗಾಯಕಿ ಗ್ರೇಸ್ ಜೋನ್ಸ್ ಕರೆದಳು ಅಂತ ಹೋದರು. ಬಿಡಲಿಲ್ಲ. ಸಿಟ್ಟಿನಲ್ಲಿ ಮನೆಗೆ ಹೋಗಿ ಆ ಬಾಗಿಲಿಗೆ ಬೈಯುತ್ತಾ ಒಂದು ಹಾಡು ಕಟ್ಟಿದರು. ಬೈಗುಳದ ಮಾತು ಬದಲಾಯಿಸಿ ಮರುವರ್ಷ ಬಿಟ್ಟರೆ, ಅದು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋಯಿತು. ಬರ್ಲಿನ್ನಿನ ಬರ್ಗ್‌ಹೈನ್ ಕ್ಲಬ್ಬಿನಲ್ಲಂತೂ ಕಾರಣವನ್ನೇ ಹೇಳುವುದಿಲ್ಲ, ತಲೆ ಅಲ್ಲಾಡಿಸುತ್ತಾರೆ, ಹೋಗಬೇಕು. ಒಂದು ಲೆಕ್ಕದಲ್ಲಿ ಅದೇ ವಾಸಿ. ಪಂಚೆ ಬಿಚ್ಚುವ ಕೆಲಸ ಉಳಿಯುತ್ತದೆ.

ಮುಂಬಯಿಯ ವಿಲ್ಲಿಂಗ್ಡನ್ ಕ್ಲಬ್ಬಿನವರು ಬರಿಗಾಲಿನಲ್ಲಿ ಬಂದರು ಅಂತ ಚಿತ್ರಕಾರ ಎಂ. ಎಫ್. ಹುಸೇನರನ್ನೇ ಒಳಗೆ ಬಿಡಲಿಲ್ಲ. ಚೆನ್ನೈಯಲ್ಲಿ 2014ರ ಜುಲೈಯಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಹರಿಪರಂತಾಮನ್ ಒಂದು ಪುಸ್ತಕ ಬಿಡುಗಡೆಗೆ ಪಂಚೆ ಉಟ್ಟು ಕ್ರಿಕೆಟ್ ಸಂಸ್ಥೆಯ ಕ್ಲಬ್ಬಿಗೆ ಹೋದರೆ, ಅವರಿಗೂ ಬಾಗಿಲಲ್ಲೇ ತಡೆ. ಮುಂದಿನ ತಿಂಗಳೇ ತಮಿಳುನಾಡಿನ ವಿಧಾನಸಭೆ ಕಾನೂನು ಮಾಡಿತು. ಪಂಚೆ ಉಟ್ಟವರನ್ನು ತಡೆದರೆ ಕ್ಲಬ್ಬಿನ ಲೈಸೆನ್ಸ್ ಹೋಗಬಹುದು, ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತಡೆದದ್ದು ಜಡ್ಜನ್ನು, ಹಾಗಾಗಿ ಒಂದೇ ತಿಂಗಳಲ್ಲಿ ಕಾನೂನು. 2024ರಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲಿನಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ತಡೆದಾಗ ಗಲಾಟೆ ಆಯಿತು, ಮಾಲ್ ಕೆಲವು ದಿನ ಮುಚ್ಚಿತು, ಎಲ್ಲರೂ ಮರೆತರು.

'ಪ್ರವೇಶದ ಹಕ್ಕು ಕಾಯ್ದಿರಿಸಿದೆ' ಅನ್ನುವ ಆ ಬೋರ್ಡು ಸಂವಿಧಾನಕ್ಕಿಂತ ದೊಡ್ಡದಲ್ಲ. 15ನೇ ವಿಧಿಯ ಎರಡನೇ ಭಾಗ ಓದಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ಅಂಗಡಿ, ಹೋಟೆಲು, ಮನರಂಜನೆಯ ಜಾಗಕ್ಕೆ ಯಾರನ್ನೂ ಬಿಡದೆ ಇರುವ ಹಾಗಿಲ್ಲ. ಬಟ್ಟೆಯ ಮಾತು ಅದರಲ್ಲಿಲ್ಲ. ಅದಕ್ಕೇ ಎಲ್ಲರೂ ಬಟ್ಟೆಯ ನೆಪ ಹೇಳುವುದು! ಇನ್ನು, ಮೊದಲೇ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಹೋಗಿದ್ದೀರಿ, ಬಾಗಿಲಲ್ಲಿ ತಡೆದರು ಅಂತಾದರೆ ನೀವು ಗ್ರಾಹಕರು. ರಶೀದಿ ಇಟ್ಟುಕೊಳ್ಳಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಬರೆದ ನಿಯಮ ಇದ್ದರೆ ಅಳೆಯಬಹುದು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದಾಗ, 2017ರಲ್ಲಿ ನಮ್ಮ ಕೇರಳದ ಉತ್ತರ ಪರವೂರಿನ ಒಂದು ಬಾರಿನವರು ಅಂಗಳದಲ್ಲಿ ಸುತ್ತಿ ಸುತ್ತಿ ಹೋಗುವ ದಾರಿ ಕಟ್ಟಿದರು. ಬಾರು ಇದ್ದಲ್ಲೇ ಇತ್ತು, ನಡೆಯುವ ದೂರ ಮಾತ್ರ ಹೆಚ್ಚಾಯಿತು! ಸರಿಯೋ ತಪ್ಪೋ, ನಿಯಮ ಏನು ಅಂತ ಅವರಿಗೆ ಗೊತ್ತಿತ್ತು. ಮಾವನಿಗೆ ಅದೂ ಇರಲಿಲ್ಲ.

ಕೊನೆಯದಾಗಿ ಹುಡುಗರಿಗೆ. ಬರೆದಿರುವ ಕಾರಣವೂ ಒಂದಿದೆ, ವಯಸ್ಸು. ಅದಕ್ಕೆ ವಾದ ಮಾಡಬೇಡಿ. ಕೇರಳದಲ್ಲಿ 23, ಕರ್ನಾಟಕದಲ್ಲಿ 21. ಗಡಿಯ ತಲಪಾಡಿ ಗೇಟಿನ ಆಚೆ ಒಳಗೆ ಬಿಟ್ಟ ಹುಡುಗನನ್ನು ಈಚೆ ಬಂದಾಗ ಹೊರಗೆ ನಿಲ್ಲಿಸಿದರೆ ಅದು ಸರಿಯೇ. ಗೋವಾದಲ್ಲಿ 18. ಮುಂಬಯಿಯಲ್ಲಿ ಬಿಯರಿಗೆ 21, ವಿಸ್ಕಿಗೆ 25. ಹುಟ್ಟಿದ ತಾರೀಕು ಇರುವ ಗುರುತಿನ ಚೀಟಿ ಜೇಬಿನಲ್ಲಿರಲಿ. ಮತ್ತೆ, ಮನೆಗೆ ಅಪ್ಪ ಅಮ್ಮ ಬರುವ ದಿನ ದಯವಿಟ್ಟು ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿ.

ನಮಸ್ಕಾರ.