ಟೈಗರ್ ಟ್ಯಾಂಕಿನ ಐದನೇ ಆಕ್ಸಲ್

ನಮಸ್ಕಾರ, ಬನ್ನಿ. ಈ ಟ್ಯಾಂಕ್ ಮಾಡೆಲ್‌ನ ಹಿಂದಿನ ವಿಡಿಯೊದಲ್ಲಿ ಹಲ್, ಅಂದರೆ ಟ್ಯಾಂಕಿನ ಕೆಳಮೈ, ಜೋಡಿಸಿ ನಿಲ್ಲಿಸಿದ್ದೆ. ಇವತ್ತು ಚಕ್ರ. ಪೂರ್ತಿ ಚಕ್ರ, ಬೇರೇನೂ ಇಲ್ಲ.

ಹೊಸದಾಗಿ ಬಂದವರಿಗೆ ಹೇಳಿಬಿಡುತ್ತೇನೆ. ಇದು ಎರಡನೇ ಮಹಾಯುದ್ಧದ ಜರ್ಮನ್ ಟ್ಯಾಂಕ್ ಟೈಗರ್ 1ರ ಪ್ಲಾಸ್ಟಿಕ್ ಮಾಡೆಲ್, ಅಳತೆ 1:16, ಅಂದರೆ ನಿಜವಾದದ್ದರ ಹದಿನಾರನೇ ಒಂದು ಭಾಗ. ತೋಪು ಮುಂದಕ್ಕೆ ಮಾಡಿ ಇಟ್ಟರೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ ಬರುತ್ತದೆ. ನಾನು ಮಾಡುತ್ತಿರುವುದು ಯಾವುದೋ ಒಂದು ಟೈಗರ್ ಅಲ್ಲ, 131 ನಂಬರಿನದು. 1943ರ ಏಪ್ರಿಲ್ 24ರಂದು ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿದ್ದು. ಚರ್ಚಿಲ್ ಟ್ಯಾಂಕೊಂದು ಹೊಡೆದ ಗುಂಡು ಇದರ ತೋಪಿನ ಕೆಳಭಾಗಕ್ಕೆ ತಾಗಿ, ಜಾರಿ ಬಂದು, ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ಕೂರುವ ರಿಂಗಿನಲ್ಲಿ ಸಿಕ್ಕಿಕೊಂಡಿತು. ಟರೆಟ್ ತಿರುಗಲಿಲ್ಲ. ಒಳಗಿದ್ದವರು ಇಳಿದು ಓಡಿದರು, ಟ್ಯಾಂಕು ಉಳಿಯಿತು. ಈಗ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂನಲ್ಲಿದೆ, ಎಂಜಿನ್ ಶುರು ಮಾಡಿದರೆ ಓಡುತ್ತದೆ. ಆ ಗುಂಡಿನ ಗಾಯವನ್ನು ತೋಪಿನ ಮೇಲೆ ನಾನೇ ಕೆತ್ತಬೇಕು. ಅದು ಇನ್ನೂ ದೂರ ಇದೆ.

ಹಾಂ, ಇವು ಚಕ್ರಗಳು. ಕತ್ತರಿಸುವುದು, ಉಜ್ಜುವುದು ಕಾಣಿಸುತ್ತಿದೆ ಅಲ್ವಾ, ಅದನ್ನು ಬಿಡೋಣ. ಒಂದು ಕಡೆಗೆ 8 ಆಕ್ಸಲ್, ಒಂದೊಂದು ಆಕ್ಸಲ್‌ಗೆ 3 ಚಕ್ರ. ಎರಡೂ ಕಡೆ ಸೇರಿ 48. ನಿಜವಾದ ಚಕ್ರದ ವ್ಯಾಸ 80 ಸೆಂಟಿಮೀಟರ್, ಇಲ್ಲಿ ಸರಿಯಾಗಿ 5 ಸೆಂಟಿಮೀಟರ್. ರಬ್ಬರ್ ಟೈರಿನವೇ ಬೇಕು. ಸ್ಟೀಲ್ ಚಕ್ರ ಬಂದದ್ದು 1944ರಲ್ಲಿ, ಆ ಹೊತ್ತಿಗೆ 131 ಸಿಕ್ಕಿಬಿದ್ದು ಎಷ್ಟೋ ತಿಂಗಳಾಗಿತ್ತು.

ಒಂದು ಚಕ್ರದ ಅಂಚು ಪಕ್ಕದ ಚಕ್ರಗಳ ನಡುವೆ ಹೋಗಿ ಕೂರುತ್ತದೆ ನೋಡಿ. ಕೈಬೆರಳುಗಳನ್ನು ಹೆಣೆದ ಹಾಗೆ. 57 ಟನ್ ತೂಕ ಇಷ್ಟೂ ಚಕ್ರಗಳಿಗೆ ಹಂಚಿ ಹೋಗಲಿ ಅಂತ ಹೀಗೆ ಮಾಡಿದರು. ಇದಕ್ಕಿಂತ ಚೆಂದದ ಚಕ್ರದ ಜೋಡಣೆ ನಾನು ಯಾವ ಟ್ಯಾಂಕಿನಲ್ಲೂ ನೋಡಿಲ್ಲ.

ಇಲ್ಲಿಗೆ ಬೆಳಿಗ್ಗೆಯ ಶೂಟಿಂಗ್ ಮುಗಿಯಿತು. ಈಗ ಕಾಣಿಸುತ್ತಿರುವುದು ಸಂಜೆ. ದೀಪ ಬೇರೆ ಇದೆ, ನನ್ನ ಮುಖವೂ ಬೇರೆ ಇದೆ.

ಆದದ್ದು ಇಷ್ಟು. ಎಡಗಡೆಯ 24 ಚಕ್ರ ಕೂರಿಸಿ, ಟ್ಯಾಂಕನ್ನು ಗಾಜಿನ ಮೇಲೆ ಇಟ್ಟೆ. ಒಂದು ಕಾಗದದ ಪಟ್ಟಿ ತೆಗೆದುಕೊಂಡು ಒಂದೊಂದೇ ಆಕ್ಸಲ್‌ನ ಚಕ್ರಗಳ ಕೆಳಗೆ ತೂರಿಸಿ ನೋಡಿದೆ. ಮೊದಲನೆಯದು ಹೋಗಲಿಲ್ಲ, ಎರಡನೆಯದೂ ಹೋಗಲಿಲ್ಲ, ಮೂರು, ನಾಲ್ಕು, ಎಲ್ಲವೂ ಬಿಗಿ. ಐದನೆಯದಕ್ಕೆ ಬಂದಾಗ ಕಾಗದ ಸರ್ರನೆ ಆ ಕಡೆ ಹೋಯಿತು. ಅಳೆದೆ. ಒಂದೂವರೆ ಮಿಲಿಮೀಟರ್ ಮೇಲಿದೆ. ನಿಜವಾದ ಟ್ಯಾಂಕಿನಲ್ಲಿ ಅದು 24 ಮಿಲಿಮೀಟರ್. ಅಷ್ಟು ಭಾರದ ಗಾಡಿ ಸಮ ನೆಲದ ಮೇಲೆ ನಿಂತಿರುವಾಗ ಒಂದು ಆಕ್ಸಲ್ ಮಾತ್ರ ಗಾಳಿಯಲ್ಲಿ ತೇಲುತ್ತದಾ? ಸಾಧ್ಯವೇ ಇಲ್ಲ.

ಸ್ವಿಂಗ್ ಆರ್ಮ್, ಅಂದರೆ ಆಕ್ಸಲನ್ನು ಹಲ್‌ಗೆ ಸೇರಿಸುವ ತೋಳು, ಅದನ್ನು ಅಂಟಿಸುವಾಗ ಕೋನ ತಪ್ಪಿತ್ತು. ಅಂಟು ಒಣಗುವ ಮೊದಲೇ ಕೈ ತಾಗಿರಬೇಕು. ಸರಿ, ಆ ಆರ್ಮ್ ಒಂದನ್ನು ಸರಿ ಮಾಡಿದರಾಯಿತು ಅಂದುಕೊಂಡೆ. ಆದರೆ ಅದು ಎಲ್ಲಿದೆ? ಚಕ್ರದ ಹಿಂದೆ. ಆ ಚಕ್ರ ಎಲ್ಲಿದೆ? ಇನ್ನೊಂದರ ಹಿಂದೆ. ಅದನ್ನು ತೆಗೆಯೋಣ ಅಂದರೆ ಪಕ್ಕದ್ದು ಹಿಡಿದುಕೊಂಡಿದೆ. ಪಕ್ಕದ್ದನ್ನು ತೆಗೆಯಲು ಅದರಾಚೆಯದು ಬರಬೇಕು. ಏಳು ಚಕ್ರ ಬಿಚ್ಚಿದೆ. ಎರಡಕ್ಕೆ ಅಂಟು ಹತ್ತಿತ್ತು. ಬ್ಲೇಡಿನ ತುದಿಯಲ್ಲಿ ಕೂದಲೆಳೆಯಷ್ಟು ಸಂದು ಮಾಡಿಕೊಂಡು, ಉಸಿರು ಹಿಡಿದು ಎಬ್ಬಿಸಿದೆ. ಒಂದರ ಟೈರಿನ ಅಂಚು ಚೂರು ಕಿತ್ತು ಬಂತು. ತುಂಬಾ ಬೇಜಾರಾಯಿತು. ಚೆಂದದ ಜೋಡಣೆ ಅಂತ ಬೆಳಿಗ್ಗೆ ಹೇಳಿದ್ದೆನಲ್ಲ, ಆ ಮಾತು ವಾಪಸ್. ಇದು ಕೆಟ್ಟ ವಿನ್ಯಾಸ. ಹತ್ತಿರ ಹೋಗಲಿಕ್ಕೇ ಆಗದ ಜಾಗದಲ್ಲಿ ಸವೆಯುವ ಭಾಗವನ್ನು ಇಡಬಾರದು.

ಯುದ್ಧದಲ್ಲಿ ಇದನ್ನು ಓಡಿಸಿದವರಿಗೆ ಇದೇ ಪಾಡು. ಒಳಗಿನ ಚಕ್ರದ ರಬ್ಬರ್ ಹೋದರೆ, ಅದೊಂದಕ್ಕಾಗಿ ಕೆಲವೊಮ್ಮೆ ಒಂಬತ್ತು ಚಕ್ರ ಬಿಚ್ಚಬೇಕಿತ್ತು. ರಷ್ಯಾದ ಚಳಿಯಲ್ಲಿ ಚಕ್ರಗಳ ಸಂದಿನಲ್ಲಿ ಕೆಸರು, ಹಿಮ ತುಂಬಿ ರಾತ್ರಿ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ರೈಲಿಗೆ ಹತ್ತಿಸುವಾಗ ಇನ್ನೊಂದು ಕೆಲಸ. ಹೊರಸಾಲಿನ ಚಕ್ರ ತೆಗೆದು, 725 ಮಿಲಿಮೀಟರ್ ಅಗಲದ ಟ್ರ್ಯಾಕ್ (ಚಕ್ರಗಳ ಸುತ್ತ ಓಡುವ ಕೊಂಡಿಗಳ ಪಟ್ಟಿ) ಬಿಚ್ಚಿ, 520ರ ಕಿರಿದಾದ ಟ್ರ್ಯಾಕ್ ಹಾಕಬೇಕು. ಇಳಿದ ಮೇಲೆ ಮತ್ತೆ ಎಲ್ಲ ಮೊದಲಿನಂತೆ. ಇದನ್ನೆಲ್ಲ ಓದಿ ಗೊತ್ತಿತ್ತು. ಏಳು ಪ್ಲಾಸ್ಟಿಕ್ ಚಕ್ರ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಕೈಗೂ ಗೊತ್ತಾಯಿತು.

ಬುಡಕ್ಕೆ ಮಣ್ಣು ಹಾಕಿ ಮುಚ್ಚಿಬಿಡಬಹುದು ಅನ್ನುವವರಿದ್ದೀರಿ, ಗೊತ್ತು. ನಾನು ಮಾಡುವುದಿಲ್ಲ. ಮಣ್ಣಿನ ಕೆಳಗೆ ತಪ್ಪು ಇದೆ ಅಂತ ನನಗೆ ಗೊತ್ತಿರುತ್ತದಲ್ಲ.

ಸರಿ ಮಾಡಿದ್ದು ಹೀಗೆ. ಆರ್ಮನ್ನು ಬುಡದಲ್ಲಿ ಕೊಯ್ದು, ಎರಡೂ ಕಡೆ 1 ಮಿಲಿಮೀಟರ್ ತೂತು ಕೊರೆದು, ಒಳಗೆ ಹಿತ್ತಾಳೆ ತಂತಿ ಕೊಟ್ಟೆ. ಪಕ್ಕದ ಎರಡು ಆರ್ಮ್‌ಗಳಿಗೆ ಒಂದು ನೇರ ಪಟ್ಟಿ ಆನಿಸಿ ಅದೇ ಸಾಲಿಗೆ ತಂದು ಅಂಟಿಸಿದೆ. ಈ ಸಲ ರಾತ್ರಿಯಿಡೀ ಮುಟ್ಟುವುದಿಲ್ಲ. ಇನ್ನೊಂದು ವಿಷಯ, ನೀವೂ ಮಾಡುವುದಿದ್ದರೆ ನೆನಪಿಡಿ: ಒಂದು ಕಡೆ ಆರ್ಮ್‌ಗಳು ಮುಂದಕ್ಕೆ ಬಾಗಿರುತ್ತವೆ, ಇನ್ನೊಂದು ಕಡೆ ಹಿಂದಕ್ಕೆ. ಅಡ್ಡಕ್ಕೆ ಹೋಗುವ ಟಾರ್ಷನ್ ಬಾರ್‌ಗಳಿಗೆ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳುಗಳು) ಜಾಗ ಉಳಿಸಲು ಹಾಗೆ ಇಟ್ಟಿದ್ದಾರೆ. ಎರಡೂ ಕಡೆ ಒಂದೇ ಥರ ಕಾಣಬೇಕು ಅಂತ ತಿರುಗಿಸಿ ಅಂಟಿಸಬೇಡಿ.

ಜಿಮರಿಟ್ ಯಾವಾಗ ಹಚ್ಚುತ್ತೀರಿ ಅಂತ ಕೇಳಿದ್ದರು. ಹಚ್ಚುವುದಿಲ್ಲ. ಮ್ಯಾಗ್ನೆಟ್ ಮೈನ್ ಅಂಟದಿರಲಿ ಅಂತ ಬಳಿಯುತ್ತಿದ್ದ ಆ ಗೀರುಗೀರು ಪೇಸ್ಟ್ ಬಂದದ್ದೇ 1943ರ ಆಗಸ್ಟ್ ಹೊತ್ತಿಗೆ. ಏಪ್ರಿಲ್‌ನಲ್ಲಿ ಸಿಕ್ಕಿದ ಟ್ಯಾಂಕಿಗೆ ಅದು ಎಲ್ಲಿಂದ ಬರಬೇಕು? ಇದರ ಮೈ ಬರಿಯ ಸ್ಟೀಲ್, ಅದರ ಮೇಲೆ ಬಣ್ಣ, ಹಿಂದುಗಡೆ ಧೂಳು ತಡೆಯುವ ಫೈಫೆಲ್ ಫಿಲ್ಟರ್‌ಗಳು. ಆ ಫಿಲ್ಟರ್ ಪೈಪುಗಳ ಬಗ್ಗೆ ಹೇಳುವುದು ಬಹಳ ಇದೆ, ಆದರೆ ಅಯ್ಯೋ, ಈ ಶಾಟ್ ಮುಗಿಯುತ್ತಾ ಬಂತು.

ಇದು ಮರುದಿನ ಬೆಳಿಗ್ಗೆ. ಏಳೂ ಚಕ್ರ ವಾಪಸ್ ಕೂತಿವೆ. ಕಿತ್ತುಹೋದ ಅಂಚನ್ನು ಪುಟ್ಟಿ ಹಾಕಿ ತುಂಬಿದ್ದೇನೆ, ಟೈರ್ ಸವೆದ ಹಾಗೆ ಕಾಣುತ್ತದೆ, ಚೆನ್ನಾಗಿಯೇ ಇದೆ. ಪಕ್ಕದಿಂದ ಬೆಳಕು ಬಿದ್ದಾಗ ಆ ಹೆಣಿಗೆಯ ನೆರಳು ನೋಡಿ. ಇಲ್ಲ, ಚೆಂದವೇ. ರಿಪೇರಿ ಮಾಡುವವರಿಗೆ ಕಷ್ಟ, ಆದರೂ ಚೆಂದ.

ಕಾಗದದ ಪಟ್ಟಿ ಎಲ್ಲಿ... ಹಾಂ. ನಾಲ್ಕು, ಬಿಗಿ. ಐದು... ಬಿಗಿ! ಆರು, ಬಿಗಿ. ಬಲಗಡೆ ಶುರು ಮಾಡುತ್ತೇನೆ, ಆಮೇಲೆ ಟ್ರ್ಯಾಕ್. ಒಂದು ಕಡೆಗೆ 96 ಕೊಂಡಿ. ಮುಂದಿನ ಭಾಗದಲ್ಲಿ ಸಿಗೋಣ.